ಯಾವ ಪ್ರಾಣಿಗೆ ಯಾವ ಊರು: ಮೃಗಾಲಯದ ಹವೆಯೂ ವಂಶಾವಳಿಯ ಲೆಕ್ಕವೂ

ಶಿವಮೊಗ್ಗ ಜಿಲ್ಲೆಯ ನಕ್ಷೆಯ ಮೇಲೆ ಬೆರಳಿಟ್ಟು ಪೂರ್ವದಿಂದ ಪಶ್ಚಿಮಕ್ಕೆ ಸರಿಸಿಕೊಂಡು ಹೋದರೆ ನೂರು ಕಿಲೋಮೀಟರಿನೊಳಗೇ ಮಳೆಯ ಪ್ರಮಾಣ ಹಲವು ಪಟ್ಟು ಏರುತ್ತದೆ. ನಗರದಲ್ಲಿ ವರ್ಷಕ್ಕೆ ಬೀಳುವ ಮಳೆ ಒಂದು ಸಾವಿರ ಮಿಲಿಮೀಟರಿನ ಆಸುಪಾಸಿನಲ್ಲಿದ್ದರೆ, ತೀರ್ಥಹಳ್ಳಿ ದಾಟಿ ಆಗುಂಬೆ ಮುಟ್ಟುವಷ್ಟರಲ್ಲಿ ಅದು ಏಳು ಸಾವಿರದ ಹತ್ತಿರಕ್ಕೆ ಬಂದಿರುತ್ತದೆ. ಸಾಗರ ರಸ್ತೆಯಲ್ಲಿ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿರುವ ತ್ಯಾವರೆಕೊಪ್ಪದ ಹುಲಿ-ಸಿಂಹಧಾಮ ಈ ಎರಡರ ನಡುವಿನ ಅಂಚಿನಲ್ಲಿದೆ; ಅದನ್ನು ಅರೆಮಲೆನಾಡು ಎಂದರೆ ತಪ್ಪಾಗಲಾರದು. 1988ರಲ್ಲಿ ಆರಂಭವಾದ ಈ ಧಾಮಕ್ಕೆ ಮಕ್ಕಳನ್ನು ಕರೆದುಕೊಂಡು ಹೋದವರೆಲ್ಲ ಒಂದಲ್ಲ ಒಂದು ಸಲ ಕೇಳುವ ಪ್ರಶ್ನೆಯಿದೆ: ಇಲ್ಲಿಗೆ ಜಿರಾಫೆಯನ್ನೇಕೆ ತರುವುದಿಲ್ಲ, ಪೆಂಗ್ವಿನ್ ಏಕಿಲ್ಲ, ಮೈಸೂರಿನಲ್ಲಿರುವ ಗೊರಿಲ್ಲಾ ಇಲ್ಲಿಗೇಕೆ ಬರಬಾರದು? ಕೇಳಲು ಸರಳವಾದ ಈ ಪ್ರಶ್ನೆಯೊಳಗೆ ಎರಡು ಬೇರೆ ಬೇರೆ ಲೆಕ್ಕಗಳು ಅಡಗಿವೆ. ಆ ಪ್ರಾಣಿಯ ಮೈಗೆ ಈ ಊರಿನ ಹವೆ ಒಗ್ಗುತ್ತದೆಯೇ ಎಂಬುದು ಒಂದು. ಇಲ್ಲಿಗೆ ಬಂದ ಆ ಒಂದು ಪ್ರಾಣಿಯಿಂದ ಅದರ ಕುಲಕ್ಕೆ ಏನಾದರೂ ಉಪಯೋಗವಿದೆಯೇ ಎಂಬುದು ಇನ್ನೊಂದು. ಸಾರ್ವಜನಿಕ ಚರ್ಚೆಯಲ್ಲಿ ಮೊದಲನೆಯದು ಅರೆಬರೆಯಾಗಿ ಬರುತ್ತದೆ, ಎರಡನೆಯದು ಬರುವುದೇ ಇಲ್ಲ.

ಹವೆಯ ಮಾತನ್ನು ಮಲೆನಾಡಿನವರಿಗೆ ಕೊಟ್ಟಿಗೆಯಿಂದ ಆರಂಭಿಸಿ ಹೇಳುವುದು ಸುಲಭ. ಮಲೆನಾಡು ಗಿಡ್ಡ ಎಂಬ ನಮ್ಮ ಕುಳ್ಳ ದನ ಆಷಾಢದ ಜಡಿಮಳೆಯಲ್ಲಿ ಗುಡ್ಡದಲ್ಲಿ ಮೇದು, ನೆನೆದುಕೊಂಡೇ ಮನೆಗೆ ಬಂದು, ಮರುದಿನ ಮತ್ತೆ ಅದೇ ಗುಡ್ಡ ಹತ್ತುತ್ತದೆ. ಹಾಲು ಕಡಿಮೆ, ನಿಜ. ಆದರೆ ಉಣುಗು, ಕೆಸರು, ತಂಡಿ ಯಾವುದಕ್ಕೂ ಅದು ಅಷ್ಟಾಗಿ ಜಗ್ಗುವುದಿಲ್ಲ. ಅದೇ ಕೊಟ್ಟಿಗೆಗೆ ಹಾಲೆಂಡ್ ಮೂಲದ ಎಚ್‌ಎಫ್ ಹಸುವನ್ನು ತಂದು ಕಟ್ಟಿದವರಿಗೆ ಏಪ್ರಿಲ್ ಮಧ್ಯಾಹ್ನ ಅದು ಬಾಯಿ ತೆರೆದು ಏದುಸಿರು ಬಿಡುವುದೂ, ಮಳೆಗಾಲದಲ್ಲಿ ಗೊರಸಿನ ಸಂದಿ ಕೊಳೆಯುವುದೂ ಗೊತ್ತು. ನಮ್ಮ ಹಿರಿಯರು ಕೊಟ್ಟಿಗೆಗೆ ಬೇಸಿಗೆಯಲ್ಲಿ ದರಗನ್ನೂ ಮಳೆಗಾಲದಲ್ಲಿ ಸೊಪ್ಪನ್ನೂ ಹಾಸುತ್ತಿದ್ದುದು ಗೊಬ್ಬರಕ್ಕಾಗಿ ಎಂದು ನಾವು ಭಾವಿಸುತ್ತೇವೆ. ದನದ ಕಾಲು ನಿಂತ ನೀರಿಗೆ ತಾಗದಿರಲಿ ಎಂಬ ಎಚ್ಚರವೂ ಅದರಲ್ಲಿತ್ತು. ಮೃಗಾಲಯದ ಪಶುವೈದ್ಯರು ವಿದೇಶಿ ಪ್ರಾಣಿಯೊಂದರ ಬಗ್ಗೆ ಕೇಳಿಕೊಳ್ಳುವ ಮೊದಲ ಪ್ರಶ್ನೆಗಳೂ ಬಹುಮಟ್ಟಿಗೆ ಇವೇ: ಉಸಿರು, ಚರ್ಮ, ಗೊರಸು.

ಪ್ರತಿ ಬಿಸಿರಕ್ತದ ಪ್ರಾಣಿಗೂ ಒಂದು ಉಷ್ಣತೆಯ ಪಟ್ಟಿಯಿದೆ; ಅದರೊಳಗಿದ್ದಾಗ ಮೈಯ ಬಿಸಿಯನ್ನು ಕಾಯ್ದುಕೊಳ್ಳಲು ಅದು ಹೆಚ್ಚಿನ ಶಕ್ತಿಯನ್ನು ವ್ಯಯಿಸಬೇಕಾಗಿಲ್ಲ. ಆ ಪಟ್ಟಿಯಿಂದ ಕೆಳಗಿಳಿದರೆ ನಡುಗಿ, ಹೆಚ್ಚು ತಿಂದು ಬಿಸಿಯನ್ನು ಹುಟ್ಟಿಸಿಕೊಳ್ಳಬೇಕು. ಮೇಲೇರಿದರೆ ಬೆವರಿ ಅಥವಾ ಏದುಸಿರು ಬಿಟ್ಟು, ನೀರನ್ನು ಆವಿಯಾಗಿಸಿ ತಣಿಯಬೇಕು. ಇಲ್ಲಿ ತೇವಾಂಶ ಅಡ್ಡ ಬರುತ್ತದೆ. ಗಾಳಿಯಲ್ಲಿ ಆಗಲೇ ನೀರಿನ ಪಸೆ ತುಂಬಿದ್ದರೆ ಮೈಯ ನೀರು ಆವಿಯಾಗುವುದಿಲ್ಲ. ಬಳ್ಳಾರಿಯ 38 ಡಿಗ್ರಿಯಲ್ಲಿ ಮರದ ನೆರಳಿಗೆ ಹೋದರೆ ಸುಧಾರಿಸಿಕೊಳ್ಳುವ ಮನುಷ್ಯ ಮಂಗಳೂರಿನ 33 ಡಿಗ್ರಿಯಲ್ಲಿ ನೆರಳಿನಲ್ಲಿಯೂ ಬಸವಳಿಯುವುದು ಇದೇ ಕಾರಣಕ್ಕೆ. ಆದ್ದರಿಂದ ಒಂದು ಪ್ರಾಣಿಯ ತವರಿನ ಗರಿಷ್ಠ ಉಷ್ಣತೆಯನ್ನು ನಮ್ಮ ಊರಿನ ಗರಿಷ್ಠ ಉಷ್ಣತೆಯೊಂದಿಗೆ ಹೋಲಿಸಿ, ಎರಡೂ ಒಂದೇ ಇದೆಯೆಂದು ಸಮಾಧಾನಪಟ್ಟುಕೊಳ್ಳುವುದು ಅಪಾಯಕಾರಿ. ಮರುಭೂಮಿಯ ಪ್ರಾಣಿಗೆ ಶಿವಮೊಗ್ಗದ ಬೇಸಿಗೆ ಏನೂ ಅಲ್ಲದಿರಬಹುದು, ಅದನ್ನು ಕಾಡುವುದು ಜುಲೈ ತಿಂಗಳು.

ಸಿಂಗಪುರದ ಮೃಗಾಲಯದಲ್ಲಿ 1990ರಲ್ಲಿ ಇನೂಕಾ ಎಂಬ ಹಿಮಕರಡಿ ಹುಟ್ಟಿತು. ಉಷ್ಣವಲಯದಲ್ಲಿ ಹುಟ್ಟಿದ ಮೊದಲ ಹಿಮಕರಡಿ ಅದು. 2004ರಲ್ಲಿ ಅದರ ಮತ್ತು ಅದರ ತಾಯಿಯ ಬಿಳಿ ಕೂದಲು ಹಸಿರಾಯಿತು. ಹಿಮಕರಡಿಯ ಕೂದಲು ಒಳಗೆ ಟೊಳ್ಳು; ಬಿಸಿ ಮತ್ತು ತೇವದ ಹವೆಯಲ್ಲಿ ಆ ಟೊಳ್ಳಿನೊಳಗೆ ಪಾಚಿ ಬೆಳೆದಿತ್ತು. ನಮ್ಮ ಮನೆಗಳ ಹಿಂಬದಿಯ ಗೋಡೆಗೆ ಮಳೆಗಾಲದಲ್ಲಿ ಆಗುವುದು ಅಲ್ಲಿ ಕರಡಿಯ ಮೈಗೆ ಆಯಿತು. ಪಾಚಿ ಅದನ್ನು ಕೊಲ್ಲಲಿಲ್ಲ, ಚಿಕಿತ್ಸೆಯಿಂದ ಬಣ್ಣ ಹೋಯಿತು. ಆದರೆ ಇನ್ನು ಮುಂದೆ ಹಿಮಕರಡಿಗಳನ್ನು ತರುವುದಿಲ್ಲವೆಂದು ಆ ಮೃಗಾಲಯ ತೀರ್ಮಾನಿಸಿತು, 2018ರಲ್ಲಿ ಇನೂಕಾ ಸತ್ತ ಮೇಲೆ ಅಲ್ಲಿ ಆ ಜಾತಿ ಮುಗಿಯಿತು. ಯಂತ್ರಗಳಿಂದ ಹವೆಯನ್ನು ಕೃತಕವಾಗಿ ಕಟ್ಟಬಹುದು ಎಂಬುದಕ್ಕೆ ಮುಂಬಯಿಯ ಬೈಕಲಾ ಮೃಗಾಲಯಕ್ಕೆ 2016ರಲ್ಲಿ ಬಂದ ಹಂಬೋಲ್ಟ್ ಪೆಂಗ್ವಿನ್‌ಗಳು ಸಾಕ್ಷಿ. ಅವು ಅಂಟಾರ್ಕ್ಟಿಕದವಲ್ಲ, ಪೆರು ಮತ್ತು ಚಿಲಿ ದೇಶಗಳ ತಂಪು ಕಡಲ ತೀರದವು. ಆದರೂ ಅವುಗಳಿಗೆ ಹಗಲಿರುಳು ತಂಪುಗೊಳಿಸಿದ ಕೋಣೆಯೇ ಬೇಕು. ಮಳೆಗಾಲದಲ್ಲಿ ಮರ ಬಿದ್ದು ಎರಡೆರಡು ದಿನ ಕರೆಂಟು ಹೋಗುವ ನಮ್ಮ ಕಡೆ ಅಂಥ ಯೋಜನೆಯನ್ನು ಹಾಕಿಕೊಳ್ಳುವವರು ಮೊದಲು ಜನರೇಟರಿನ ಡೀಸೆಲ್ ಲೆಕ್ಕ ಬರೆಯಬೇಕಾಗುತ್ತದೆ. ಇದಕ್ಕೆ ವಿರುದ್ಧವಾದ ಮಾದರಿ ಡಾರ್ಜಿಲಿಂಗ್‌ನ ಪದ್ಮಜಾ ನಾಯ್ಡು ಹಿಮಾಲಯನ್ ಮೃಗಾಲಯ. ಎರಡು ಸಾವಿರ ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಅದು ಕೆಂಪು ಪಾಂಡಾ, ಹಿಮಚಿರತೆಗಳಂಥ ತನ್ನ ಹವೆಯ ಪ್ರಾಣಿಗಳನ್ನೇ ಆರಿಸಿಕೊಂಡಿತು. ಅಲ್ಲಿ ಹುಟ್ಟಿದ ಎರಡು ಹೆಣ್ಣು ಕೆಂಪು ಪಾಂಡಾಗಳನ್ನು 2003ರಲ್ಲಿ ಸಿಂಗಲೀಲಾ ಕಾಡಿಗೆ ಬಿಡುವ ಮಟ್ಟಕ್ಕೆ ಅದರ ಕೆಲಸ ಬೆಳೆಯಿತು.

ಹವೆಯನ್ನು ಹೊಂದಿಸಿದ್ದರಿಂದಲೇ ಒಂದು ಜಾತಿ ಉಳಿದ ಕಥೆಯೆಂದರೆ ಅರೇಬಿಯದ ಓರಿಕ್ಸ್‌ನದು. ಬಿಳಿ ಮೈಯ, ನೀಳ ಕೊಂಬಿನ ಈ ಮರುಭೂಮಿಯ ಮೃಗ ಬೇಟೆಯಿಂದ ನಾಶವಾಗುತ್ತಿದ್ದಾಗ 1962ರಲ್ಲಿ ಕೆಲವನ್ನು ಹಿಡಿದು, ಬೇರೆ ಕಡೆ ಸಾಕಿದ್ದ ಒಂದಷ್ಟನ್ನು ಸೇರಿಸಿ, ಅಮೆರಿಕದ ಅರಿಜೋನಾದ ಫೀನಿಕ್ಸ್ ಮೃಗಾಲಯದಲ್ಲಿ ಹಿಂಡು ಕಟ್ಟಲಾಯಿತು. ದೊಡ್ಡ, ಹೆಸರಾಂತ ಮೃಗಾಲಯಗಳು ಬೇಕಾದಷ್ಟಿದ್ದರೂ ಫೀನಿಕ್ಸನ್ನು ಆರಿಸಿದ್ದು ಅಲ್ಲಿನ ಒಣ ಹವೆಗಾಗಿ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಇನ್ನೂರು ಮಿಲಿಮೀಟರಿನ ಆಸುಪಾಸು, ಆಗುಂಬೆಯಲ್ಲಿ ಒಂದೇ ದಿನದಲ್ಲಿ ಬಿದ್ದರೂ ಯಾರೂ ಬೆರಗಾಗದಷ್ಟು. ಕಾಡಿನಲ್ಲಿ 1972ರ ಹೊತ್ತಿಗೆ ಓರಿಕ್ಸ್ ಇಲ್ಲವಾಯಿತು. ಫೀನಿಕ್ಸ್‌ನಲ್ಲಿ ಬೇರೂರಿದ ಸಂತತಿ ಮುಂದೆ ಬೇರೆ ಮೃಗಾಲಯಗಳಿಗೆ ಹರಡಿ, 1982ರಲ್ಲಿ ಒಮಾನ್‌ನ ಮರುಭೂಮಿಗೆ ಮರಳಿತು.

ಉಷ್ಣತೆ, ತೇವಾಂಶಗಳಂತೆ ಕಣ್ಣಿಗೆ ಕಾಣದ ಇನ್ನೊಂದು ಅಂಶ ಹಗಲಿನ ಉದ್ದ. ಶಿವಮೊಗ್ಗದಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಒಂದೂಮುಕ್ಕಾಲು ಗಂಟೆಗಿಂತ ಕಡಿಮೆ; ಬರ್ಲಿನ್‌ನಲ್ಲಿ ಅದು ಸುಮಾರು ಒಂಬತ್ತು ಗಂಟೆ. ಉತ್ತರದ ಅನೇಕ ಪ್ರಾಣಿಗಳ ಬೆದೆಯ ಕಾಲವನ್ನು ನಿರ್ಧರಿಸುವುದು ಈ ಏರಿಳಿತವೇ. ಅಂಥವನ್ನು ಇಲ್ಲಿಗೆ ತಂದರೆ ಹೊಟ್ಟೆ ತುಂಬಿ, ಮೈ ತುಂಬಿದ್ದರೂ ಅವುಗಳ ದೇಹದೊಳಗಿನ ಗಡಿಯಾರಕ್ಕೆ ಸೂಚನೆ ಮಸುಕಾಗಿ ಮುಟ್ಟುತ್ತದೆ. ತಿರುವುಮುರುವಾಗಿಯೂ ಇದು ನಡೆಯುತ್ತದೆ. ನಮ್ಮ ಚುಕ್ಕೆ ಜಿಂಕೆ ವರ್ಷದ ಯಾವ ತಿಂಗಳಲ್ಲಾದರೂ ಮರಿ ಹಾಕಬಲ್ಲದು. ಆ ಸ್ವಭಾವವನ್ನು ಅದು ಯುರೋಪಿಗೂ ಹೊತ್ತುಕೊಂಡು ಹೋಗುತ್ತದೆ, ನಡು ಚಳಿಗಾಲದಲ್ಲಿ ಹುಟ್ಟಿದ ಮರಿಯನ್ನು ಉಳಿಸಿಕೊಳ್ಳುವ ಪಾಡು ಅಲ್ಲಿನ ಪಾಲಕರದಾಗುತ್ತದೆ.

ನನ್ನ ದೃಷ್ಟಿಯಲ್ಲಿ ರೋಗವನ್ನೂ ಹವೆಯ ಭಾಗವಾಗಿಯೇ ಎಣಿಸಬೇಕು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ. ಮುಸಿಯ ಮತ್ತು ಮಂಗ ಎರಡೂ ಅದಕ್ಕೆ ಬಲಿಯಾಗುತ್ತವೆ. ಈ ಕಾಡುಗಳಲ್ಲಿಯೇ ಹುಟ್ಟಿ ಬೆಳೆದ ವಾನರಗಳ ಪಾಡೇ ಹೀಗಿರುವಾಗ, ಈ ವೈರಾಣುವಿನ ಪರಿಚಯವೇ ಇಲ್ಲದ ದಕ್ಷಿಣ ಅಮೆರಿಕದ ಮಾರ್ಮೊಸೆಟ್ ಅಥವಾ ಆಫ್ರಿಕದ ಕೋತಿಯೊಂದನ್ನು ಕಾಡಿನ ಅಂಚಿನ ಆವರಣಕ್ಕೆ ತರುವ ಮುನ್ನ ಹತ್ತು ಬಾರಿ ಯೋಚಿಸಬೇಕು. ಹವೆ ಹೊಂದಿತು, ಆಹಾರ ಹೊಂದಿತು, ಉಣುಗು ಮಾತ್ರ ಹೊಂದಲಿಲ್ಲ ಎಂದಾಗಬಾರದು. ಒಡಿಶಾದ ನಂದನಕಾನನದಲ್ಲಿ 2000ನೇ ಇಸವಿಯ ಜುಲೈನಲ್ಲಿ ಹನ್ನೆರಡು ಹುಲಿಗಳು ಸತ್ತದ್ದು ರಕ್ತ ಹೀರುವ ನೊಣಗಳಿಂದ ಹರಡುವ ಟ್ರಿಪನೊಸೋಮ ಎಂಬ ಪರಜೀವಿಯಿಂದ. ಮಳೆಗಾಲ ಅಂಥ ನೊಣಗಳ ಸುಗ್ಗಿ.

ಇಷ್ಟು ಹೇಳುವಾಗ ವಿದೇಶಿ ಪ್ರಾಣಿ ಎಂದರೆ ನಮ್ಮ ಕಣ್ಣಿಗೆ ಬರುವುದು ಜೀಬ್ರಾ, ಕಾಂಗರೂಗಳೇ. ಆದರೆ ಶರಾವತಿ ಕಣಿವೆಯ ಸಿಂಗಳೀಕ ಜರ್ಮನಿಯಲ್ಲಿಯೋ ಅಮೆರಿಕದಲ್ಲಿಯೋ ವಿದೇಶಿ ಪ್ರಾಣಿಯೇ. ಮಳೆಕಾಡಿನ ಮರದ ಮೇಲಿನ ಹಸಿರು ಚಪ್ಪರವನ್ನು ಬಿಟ್ಟು ನೆಲಕ್ಕಿಳಿಯುವುದೇ ಅಪರೂಪವಾದ ಈ ಕಪ್ಪು ವಾನರಕ್ಕೆ ಅಲ್ಲಿ ಚಳಿಗಾಲದುದ್ದಕ್ಕೂ ಬಿಸಿಯೂಡಿದ ಮನೆ, ಹತ್ತಲು ಮರದ ದಿಮ್ಮಿ, ಹಗ್ಗಗಳ ಜಾಲ ಬೇಕು. ಭಾರತದಲ್ಲಿ ಹಲವು ಮೃಗಾಲಯಗಳು ಸೇರಿ ನಡೆಸುವ ಇದರ ಸಂತತಿ ಯೋಜನೆಗೆ ಚೆನ್ನೈ ಬಳಿಯ ವಂಡಲೂರಿನ ಮೃಗಾಲಯ ಸಂಯೋಜಕ. ಯುರೋಪ್ ಮತ್ತು ಉತ್ತರ ಅಮೆರಿಕಗಳಲ್ಲಿ ಅವುಗಳದೇ ಪ್ರತ್ಯೇಕ ಯೋಜನೆಗಳು ನಡೆದು ಬಂದಿವೆ. ಅಲ್ಲಿನವರು ನಮ್ಮ ಸಿಂಗಳೀಕಕ್ಕೆ ಪಡುವ ಶ್ರಮವನ್ನು ನೋಡಿದ ಮೇಲೆ ನಾವು ಅವರ ಪ್ರಾಣಿಗೆ ಏನು ಮಾಡಬೇಕು ಎಂಬುದು ಸ್ಪಷ್ಟವಾಗುತ್ತದೆ.

ಇನ್ನು ಎರಡನೆಯ ಲೆಕ್ಕ. ಮೃಗಾಲಯಗಳ ಪ್ರಾಣಿಗಳಿಗೆ ಸ್ಟಡ್‌ಬುಕ್ ಎಂಬ ವಂಶಾವಳಿ ಪುಸ್ತಕವಿರುತ್ತದೆ. ಕಾಡುಪ್ರಾಣಿಗಾಗಿ ಅಂಥ ಪುಸ್ತಕ ಮೊದಲು ಪ್ರಕಟವಾದದ್ದು 1932ರಲ್ಲಿ, ಯುರೋಪಿನ ಕಾಡೆಮ್ಮೆ ಬೈಸನ್‌ಗಾಗಿ. ಇಂದಿರುವ ಆ ಜಾತಿಯ ಎಲ್ಲ ಪ್ರಾಣಿಗಳೂ ಹನ್ನೆರಡು ಮೂಲ ಪ್ರಾಣಿಗಳ ಸಂತತಿ. ಪುಸ್ತಕದ ಒಂದು ಸಾಲನ್ನು ಕಲ್ಪಿಸಿಕೊಳ್ಳೋಣ: ಕ್ರಮಸಂಖ್ಯೆ 214, ಹೆಣ್ಣು, ತಂದೆ 97, ತಾಯಿ 131, ಹುಟ್ಟಿದ ದಿನ, ಹುಟ್ಟಿದ ಮೃಗಾಲಯ, ಚರ್ಮದಡಿಯ ಮೈಕ್ರೋಚಿಪ್‌ನ ಸಂಖ್ಯೆ, ಎಲ್ಲಿಂದ ಎಲ್ಲಿಗೆ ಎಂದು ಹೋಯಿತು, ಸತ್ತಿದ್ದರೆ ಯಾವಾಗ. ಪಾಲಕರು ಕರೆಯುವ ಮುದ್ದಿನ ಹೆಸರು ಅಂಚಿನಲ್ಲಿ ಇದ್ದರೂ ಇರಬಹುದು, ಲೆಕ್ಕಕ್ಕೆ ಬೇಕಾದುದು 97 ಮತ್ತು 131 ಎಂಬ ಆ ಎರಡು ಅಂಕಿಗಳು. ಅವನ್ನು ಹಿಡಿದು ಹಿಂದಕ್ಕೆ ಹೋದರೆ ಕಾಡಿನಿಂದ ಬಂದ ಮೊದಲ ಪ್ರಾಣಿಗಳವರೆಗೆ ಮುಟ್ಟಬಹುದು.

ಗೋತ್ರ ನೋಡಿ ಮದುವೆ ಮಾಡುವ ನಮಗೆ ಇದು ಹೊಸದೇನಲ್ಲ ಎನಿಸಬಹುದು. ಆದರೆ ಗೋತ್ರ ತಂದೆಯ ಎಳೆಯನ್ನು ಮಾತ್ರ ಹಿಡಿಯುತ್ತದೆ. ಸೋದರಮಾವನ ಮಗಳು ಬೇರೆ ಗೋತ್ರದವಳಾದರೂ ಆ ಮದುವೆಯ ಮಕ್ಕಳ ಒಳಸಂಬಂಧದ ಪ್ರಮಾಣ ಹದಿನಾರರಲ್ಲಿ ಒಂದು, ಅಕ್ಕನ ಮಗಳನ್ನು ಮದುವೆಯಾದರೆ ಎಂಟರಲ್ಲಿ ಒಂದು. ಒಡಹುಟ್ಟಿದ ಎರಡು ಪ್ರಾಣಿಗಳನ್ನು ಜೋಡಿ ಮಾಡಿದರೆ ಅದು ನಾಲ್ಕರಲ್ಲಿ ಒಂದಾಗುತ್ತದೆ. ಅಂದರೆ, ಮರಿಯ ಯಾವುದೇ ಒಂದು ವಂಶವಾಹಿಯ ಎರಡು ಪ್ರತಿಗಳೂ ಒಬ್ಬನೇ ಪೂರ್ವಜನಿಂದ ಬಂದಿರುವ ಸಾಧ್ಯತೆ ಶೇಕಡ 25. ದೋಷವುಳ್ಳ ವಂಶವಾಹಿಯೊಂದು ಜೋಡಿಯಾಗಿ ಸೇರಿದಾಗ ಮಾತ್ರ ಕಾಯಿಲೆಯಾಗಿ ಕಾಣಿಸಿಕೊಳ್ಳುವಂಥದಾದರೆ, ಅದು ಹಾಗೆ ಸೇರುವ ದಾರಿ ಇದು. ಸ್ಟಡ್‌ಬುಕ್ ಎರಡೂ ಕಡೆಯ ಎಳೆಗಳನ್ನು ಹಿಡಿಯುತ್ತದೆ. ಪ್ರತಿ ಪ್ರಾಣಿಗೂ ಉಳಿದೆಲ್ಲ ಪ್ರಾಣಿಗಳೊಂದಿಗೆ ಸರಾಸರಿ ಎಷ್ಟು ಸಂಬಂಧವಿದೆ ಎಂದು ಲೆಕ್ಕ ಹಾಕಿ, ಬಳಗ ಕಡಿಮೆಯಿರುವ ಪ್ರಾಣಿಗೆ ಸಂತಾನದ ಸರದಿಯನ್ನು ಮೊದಲು ಕೊಡುತ್ತದೆ. ನೋಡಲು ಚೆಂದವಾಗಿರುವ, ಮರಿಗಳ ಮೇಲೆ ಮರಿ ಹಾಕುವ ಜೋಡಿ ಇಲ್ಲಿ ಹಿಂದಿನ ಸಾಲಿಗೆ ಹೋಗುತ್ತದೆ.

ಸಂಖ್ಯೆಯ ವಿಷಯದಲ್ಲಿ ಒಂದು ಸಣ್ಣ ಗಣಿತ ಸಾಕು. ಸಂಬಂಧವಿಲ್ಲದ ಹತ್ತು ಮೂಲ ಪ್ರಾಣಿಗಳನ್ನು ಕಾಡಿನಿಂದ ತಂದರೆ ಕಾಡಿನ ಆನುವಂಶಿಕ ವೈವಿಧ್ಯದ ಶೇಕಡ 95ರಷ್ಟು ಅವುಗಳಲ್ಲಿರುತ್ತದೆ. ಇಪ್ಪತ್ತನ್ನು ತಂದರೆ 97.5. ಆದ್ದರಿಂದ ಆರಂಭಕ್ಕೆ ದೊಡ್ಡ ಹಿಂಡೇ ಬೇಕೆಂದಿಲ್ಲ. ಕಷ್ಟವಿರುವುದು ಉಳಿಸಿಕೊಳ್ಳುವುದರಲ್ಲಿ. ಸಂತಾನದಲ್ಲಿ ಸಮನಾಗಿ ಪಾಲುಗೊಳ್ಳುವ ಪ್ರಾಣಿಗಳು ಹತ್ತೇ ಆದರೆ ಪ್ರತಿ ತಲೆಮಾರಿಗೂ ಶೇಕಡ 5ರಷ್ಟು ವೈವಿಧ್ಯ ಸೋರಿಹೋಗುತ್ತದೆ, ಹತ್ತು ತಲೆಮಾರಿನ ಬಳಿಕ ಉಳಿಯುವುದು ಸುಮಾರು 60. ಐವತ್ತು ಪ್ರಾಣಿಗಳಿದ್ದರೆ ಸೋರಿಕೆ ಶೇಕಡ 1, ಹತ್ತು ತಲೆಮಾರಿನ ಮೇಲೂ 90 ಉಳಿಯುತ್ತದೆ. ನೂರು ವರ್ಷಗಳ ಬಳಿಕವೂ ಶೇಕಡ 90 ಉಳಿದಿರಬೇಕು ಎಂಬುದು ಮೃಗಾಲಯಗಳ ಯೋಜನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಗುರಿ. ಯಾವ ಒಂದು ಮೃಗಾಲಯವೂ ಹಂದಿಯಂಥ ಮೈಯ, ಗಿಡ್ಡ ಸೊಂಡಿಲಿನ ಐವತ್ತು ಟಪಿರ್‌ಗಳನ್ನೋ ಐವತ್ತು ಹುಲಿಗಳನ್ನೋ ಸಾಕಲಾರದು. ಹತ್ತಾರು ಮೃಗಾಲಯಗಳು ತಮ್ಮ ಪ್ರಾಣಿಗಳನ್ನು ಒಂದೇ ಹಿಂಡೆಂದು ಭಾವಿಸಿ ಹಂಚಿಕೊಂಡು ಸಾಕುವುದು ಅನಿವಾರ್ಯವಾಗುವುದು ಇಲ್ಲಿ.

ಪುಸ್ತಕವಿಲ್ಲದೆ ಸಂತಾನ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲಿಯೇ ನಿದರ್ಶನಗಳಿವೆ. ಸಿಂಹವೆಂದರೆ ಸಿಂಹ ಎಂಬ ಭಾವನೆಯಲ್ಲಿ ಆಫ್ರಿಕದ ಸಿಂಹಗಳನ್ನೂ ಗಿರ್‌ನ ಏಷ್ಯಾ ಸಿಂಹಗಳನ್ನೂ ಕೂಡಿಸಿ ಪಂಜಾಬಿನ ಛತ್‌ಬೀರ್ ಮೃಗಾಲಯದಲ್ಲಿ ಬೆರಕೆ ಸಂತತಿಯೇ ಬೆಳೆಯಿತು. ಕೊನೆಗೆ ಅವುಗಳ ಸಂತಾನವನ್ನು ನಿಲ್ಲಿಸಿ, ಇದ್ದವು ಮುದಿಯಾಗಿ ಸಾಯುವವರೆಗೆ ಸಾಕಬೇಕಾಯಿತು. ಬಿಳಿ ಹುಲಿಗಳದು ಮತ್ತೊಂದು ಬಗೆ. 1951ರಲ್ಲಿ ರೇವಾದಲ್ಲಿ ಹಿಡಿದ ಮೋಹನ್ ಎಂಬ ಬಿಳಿ ಗಂಡನ್ನು ಅದರ ಮಗಳು ರಾಧಾಳೊಂದಿಗೇ ಕೂಡಿಸಿ ಬಿಳಿ ಮರಿಗಳನ್ನು ಪಡೆಯಲಾಯಿತು, ಮುಂದೆಯೂ ಬಣ್ಣಕ್ಕಾಗಿ ರಕ್ತಸಂಬಂಧದೊಳಗೇ ಜೋಡಿಗಳು ನಡೆದವು. ಬಿಳಿ ಹುಲಿಗಳ ಮೆಳ್ಳೆಗಣ್ಣಿಗೆ ಜನ ಈ ಒಳಸಂಬಂಧವನ್ನೇ ಕಾರಣವೆನ್ನುವುದುಂಟು. ಅದು ಬಣ್ಣದ ಕೊರತೆಯೊಂದಿಗೇ ಬರುವ ದೃಷ್ಟಿನರಗಳ ದೋಷ. ಒಳಸಂಬಂಧದ ನಷ್ಟ ಅದಕ್ಕಿಂತ ಆಳದ್ದು, ಮುಖದ ಮೇಲೆ ಕಾಣುವಂಥದಲ್ಲ.

ಯೋಜನೆಗಳನ್ನು ಇಡೀ ಜಗತ್ತಿಗೆ ಒಂದೇ ಎಂದು ಮಾಡದೆ ಪ್ರಾದೇಶಿಕವಾಗಿ ಮಾಡುವುದಕ್ಕೆ ಕಾರಣಗಳು ವ್ಯಾವಹಾರಿಕವಾದವು: ಸಾಗಣೆಯ ದೂರ, ಪ್ರತಿ ದೇಶದ ಕಾನೂನು, ರೋಗತಡೆಯ ಪ್ರತ್ಯೇಕವಾಸ, ಹವೆ. ಉತ್ತರ ಅಮೆರಿಕದಲ್ಲಿ 1981ರಿಂದ, ಯುರೋಪಿನಲ್ಲಿ 1985ರಿಂದ ಇಂಥ ಯೋಜನೆಗಳಿವೆ. ಭಾರತದಲ್ಲಿ 1992ರಲ್ಲಿ ರಚನೆಯಾದ ಕೇಂದ್ರೀಯ ಮೃಗಾಲಯ ಪ್ರಾಧಿಕಾರ ಆಯ್ದ ಜಾತಿಗಳಿಗೆ ಒಂದು ಸಂಯೋಜಕ ಮೃಗಾಲಯವನ್ನೂ ಕೆಲವು ಸಹಭಾಗಿ ಮೃಗಾಲಯಗಳನ್ನೂ ಗೊತ್ತುಮಾಡುತ್ತದೆ. ಪ್ರಾಧಿಕಾರದ ಅನುಮತಿಯಿಲ್ಲದೆ ಮೃಗಾಲಯಗಳು ಪ್ರಾಣಿಗಳನ್ನು ವಿನಿಮಯ ಮಾಡಿಕೊಳ್ಳುವಂತಿಲ್ಲ.

ಮೈಸೂರಿನ ಗೊರಿಲ್ಲಾಗಳ ವಿಷಯ ಇಲ್ಲಿ ಬಿಡಿಸಿ ಹೇಳುವಂಥದು. ಪೋಲೋ ಎಂಬ ಒಂಟಿ ಗಂಡು 2014ರಲ್ಲಿ ಸತ್ತ ಮೇಲೆ, 2021ರಲ್ಲಿ ಜರ್ಮನಿಯಿಂದ ತಾಬೊ ಮತ್ತು ಡೆಂಬಾ ಬಂದವು. ಎರಡೂ ಗಂಡೇ ಎಂದು ತಿಳಿದಾಗ, ಒಂದು ಹೆಣ್ಣನ್ನಾದರೂ ಕೊಡಬಾರದಿತ್ತೇ ಎಂದು ನನ್ನ ಪರಿಚಯದವರು ಅನೇಕರು ಕೇಳಿದ್ದರು. ಗೊರಿಲ್ಲಾಗಳ ಸಂಸಾರದಲ್ಲಿ ಒಬ್ಬ ಯಜಮಾನ ಗಂಡಿಗೆ ಹಲವು ಹೆಣ್ಣು. ಆದರೆ ಹುಟ್ಟುವ ಮರಿಗಳಲ್ಲಿ ಅರ್ಧ ಗಂಡೇ ಇರುತ್ತವೆ. ಬೆಳೆದ ಮೇಲೆ ತಂದೆಯೊಂದಿಗೆ ಇರಲಾರದ ಈ ಗಂಡುಗಳಿಗೆ ಯೋಜನೆಯೊಳಗೆ ಬ್ರಹ್ಮಚಾರಿ ಗುಂಪುಗಳೆಂಬ ನೆಲೆ ಬೇಕು. ಅಂಥ ನೆಲೆಯನ್ನು ಒದಗಿಸುವ ಮೃಗಾಲಯ ಒಂದು ಮರಿಯನ್ನೂ ಹುಟ್ಟಿಸದೆ ಯೋಜನೆಗೆ ನೆರವಾಗಿರುತ್ತದೆ. ನೆಲೆ ಸಿಗದಿದ್ದರೆ ಬರುವ ಕಷ್ಟ ಎಷ್ಟು ಕಠೋರವಾಗಬಹುದು ಎಂಬುದು 2014ರ ಫೆಬ್ರವರಿಯಲ್ಲಿ ಕೋಪನ್‌ಹೇಗನ್‌ನಲ್ಲಿ ಗೊತ್ತಾಯಿತು. ಮಾರಿಯಸ್ ಎಂಬ ಒಂದೂವರೆ ವರ್ಷದ ಆರೋಗ್ಯವಂತ ಜಿರಾಫೆಯನ್ನು, ಅದರ ವಂಶವಾಹಿಗಳು ಹಿಂಡಿನಲ್ಲಿ ಈಗಾಗಲೇ ಸಾಕಷ್ಟಿವೆ ಎಂಬ ಕಾರಣಕ್ಕೆ, ಮೃಗಾಲಯವೇ ಕೊಂದಿತು. ಲೆಕ್ಕ ಸರಿಯಿತ್ತು ಎನ್ನುವವರಿದ್ದಾರೆ. ನಮ್ಮಲ್ಲಿ ಯಾವ ಅಧಿಕಾರಿಯೂ ಅಂಥ ಆದೇಶಕ್ಕೆ ಸಹಿ ಹಾಕಲಾರ, ಹಾಕಲೂ ಬಾರದು. ಹಾಗಿದ್ದ ಮೇಲೆ ಹುಟ್ಟುವ ಮೊದಲೇ ಲೆಕ್ಕ ಮಾಡುವುದು, ಗಂಡು ಹೆಣ್ಣುಗಳನ್ನು ಬೇರೆಯಿಡುವುದು, ಸಂತಾನ ನಿಯಂತ್ರಣದ ಚುಚ್ಚುಮದ್ದು ಕೊಡುವುದು ನಮಗೆ ಇನ್ನಷ್ಟು ಅಗತ್ಯ.

ಕರ್ನಾಟಕಕ್ಕೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ರಾಜ್ಯ ಮೃಗಾಲಯ ಪ್ರಾಧಿಕಾರದ ಅಡಿಯಲ್ಲಿಯೇ ಮೈಸೂರು, ಬನ್ನೇರುಘಟ್ಟ, ತ್ಯಾವರೆಕೊಪ್ಪ, ಗದಗ, ಹಂಪಿ ಬಳಿಯ ಕಮಲಾಪುರ, ಬೆಳಗಾವಿ, ಕಲಬುರಗಿಗಳಂಥ ಬೇರೆ ಬೇರೆ ಹವೆಯ ತಾಣಗಳಿವೆ. ಒಣ ಬಯಲಿನ, ಬಿಸಿಲು ತಡೆಯುವ ಪ್ರಾಣಿಗಳನ್ನು ಕಮಲಾಪುರ, ಕಲಬುರಗಿಗಳ ಕಡೆಗೂ, ಹಿತವಾದ ಹವೆ ಬೇಡುವವನ್ನು ಮೈಸೂರಿನಲ್ಲಿಯೂ ಇಟ್ಟು, ಶಿವಮೊಗ್ಗಕ್ಕೆ ತೇವದ ಕಾಡಿನವನ್ನು ಮೀಸಲಿಡುವುದು ನನಗೆ ಸರಿಯೆನಿಸುತ್ತದೆ. ಮಲಯಾದ ಅಥವಾ ದಕ್ಷಿಣ ಅಮೆರಿಕದ ಟಪಿರ್, ನ್ಯೂಗಿನಿಯ ಕ್ಯಾಸೊವರಿ ಹಕ್ಕಿ, ಇಲಿಯ ಕುಲದ ದೊಡ್ಡ ಪ್ರಾಣಿಯಾದ ಕ್ಯಾಪಿಬಾರ ಇವಕ್ಕೆ ನಮ್ಮ ಮಳೆ ಶಿಕ್ಷೆಯಾಗಲಾರದು. ಟಪಿರ್‌ಗೆ ಮುಳುಗೇಳಲು ಕೊಳವೂ ಮಾರ್ಚ್‌ನಿಂದ ಮೇವರೆಗೆ ದಟ್ಟ ನೆರಳೂ ಇದ್ದರೆ ಹವೆಯ ಮಟ್ಟಿಗೆ ಹೆಚ್ಚಿನದೇನೂ ಬೇಡ. ಆದರೂ ಇವುಗಳಲ್ಲಿ ಯಾವುದನ್ನೇ ತರುವುದಾದರೂ ಪುಸ್ತಕದಲ್ಲಿ ಸಂಖ್ಯೆಯಿರುವ, ಸಂಗಾತಿ ಯಾರೆಂದು ಮೊದಲೇ ಗೊತ್ತಾದ ಪ್ರಾಣಿಯನ್ನೇ ತರಬೇಕು. ಅದಾಗದಿದ್ದರೆ ಆ ಜಾಗ ಮತ್ತು ಹಣವನ್ನು ಇಲ್ಲಿನ ಪ್ರಾಣಿಗಳಿಗೇ ಇಡುವುದು ಮೇಲು. ಮಂಗಳೂರಿನ ಪಿಲಿಕುಳದಲ್ಲಿ ಕಾಳಿಂಗ ಸರ್ಪಗಳು ಮೊಟ್ಟೆಯಿಟ್ಟು ಮರಿಯಾದದ್ದು ಘಟ್ಟದ ಕೆಳಗೆ, ಆ ಹಾವಿನ ಸ್ವಂತ ಹವೆಯಲ್ಲಿಯೇ.

ತರುವುದೆಂದು ನಿರ್ಧಾರವಾದ ಮೇಲೂ ತಿಂಗಳ ಪ್ರಶ್ನೆ ಉಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಂದಿಳಿದ ಪ್ರಾಣಿ ಹೊಸ ಜಾಗದ ಗಾಬರಿಯನ್ನೂ ಮಳೆಯನ್ನೂ ಒಟ್ಟಿಗೆ ಎದುರಿಸಬೇಕು; ಮಾರ್ಚ್ ದಾಟಿದರೆ ಬಿಸಿಲು, ಜೊತೆಗೆ ಕಾಡಿನಂಚಿನಲ್ಲಿ ಉಣುಗಿನ ಕಾಟ. ದೀಪಾವಳಿ ಕಳೆದು ನೆಲ ಆರಿದ ಮೇಲಿನ ಕೆಲವು ವಾರಗಳೇ ಇದ್ದುದರಲ್ಲಿ ಒಳ್ಳೆಯವು. ಅದಕ್ಕೂ ಎಷ್ಟೋ ವಾರ ಮೊದಲು ಆ ಪ್ರಾಣಿಯ ಈಗಿನ ಮನೆಯಲ್ಲಿ, ಅದರ ಆವರಣದೊಳಗೇ ಸಾಗಣೆಯ ಪೆಟ್ಟಿಗೆಯನ್ನು ಎರಡೂ ಬಾಗಿಲು ತೆರೆದು ಇಟ್ಟಿರುತ್ತಾರೆ. ದಿನವೂ ಮೇವನ್ನು ಒಂದೊಂದು ಗೇಣು ಒಳಕ್ಕೆ ಸರಿಸುತ್ತ ಹೋಗುತ್ತಾರೆ. ಅದು ತಾನಾಗಿ ಒಳಹೊಕ್ಕು, ಬಾಗಿಲು ಹಾಕಿದರೂ ಮೇಯುವುದನ್ನು ನಿಲ್ಲಿಸದ ದಿನ ಲಾರಿಗೆ ಹೇಳಿಕಳಿಸುತ್ತಾರೆ.